ಮಲೆನಾಡಿನ ಮನೆಯಲ್ಲಿ ರೆಸಿನ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಪೇಪರ್‌ವೇಟ್, ಪೆನ್ ಸ್ಟ್ಯಾಂಡ್, ಲೋಟದಡಿ ಇಡುವ ಕೋಸ್ಟರ್, ಮೇಜಿನ ಮೇಲಿಡುವ ಹೆಸರಿನ ಫಲಕ. ಇಂಥವನ್ನು ರೆಸಿನ್‌ನಿಂದ, ಅಂದರೆ ಅಚ್ಚಿಗೆ ಸುರಿದರೆ ಗಟ್ಟಿಯಾಗುವ ಪಾರದರ್ಶಕ ದ್ರವದಿಂದ, ಮನೆಯಲ್ಲೇ ಮಾಡಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೆಸಿನ್ ಬಾಟಲಿ ಮೇಲಿನ ಸೂಚನೆಯನ್ನು ಬರೆದಿರುವುದು 25 ಡಿಗ್ರಿಯ ಒಣ ಕೋಣೆಗೆ, ಮೂಡಿಗೆರೆಯ ಜುಲೈ ತಿಂಗಳಿಗಲ್ಲ. ನಮ್ಮ ಕಡೆ ಕೆಟ್ಟುಹೋಗುವ ರೆಸಿನ್‌ನಲ್ಲಿ ಹೆಚ್ಚಿನದು ಹವೆಯಿಂದಲೇ ಕೆಡುತ್ತದೆ, ಕೈಗುಣದಿಂದಲ್ಲ.

ಯಾವ ರೆಸಿನ್ ತಗೋಬೇಕು?

ಮನೆಗೆ ಎಪಾಕ್ಸಿ. ರೆಸಿನ್ ಒಂದು ಬಾಟಲಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಇನ್ನೊಂದು ಬಾಟಲಿ, ಎರಡನ್ನೂ ಕಲಸಿ ಸುರಿಯುವುದು. ಫೈಬರ್ ಶೀಟ್ ಕೆಲಸದ ಅಂಗಡಿಯಲ್ಲಿ ಸಿಗುವುದು ಬಹುಪಾಲು ಪಾಲಿಯೆಸ್ಟರ್ ರೆಸಿನ್. ಅಗ್ಗ, ನಿಜ. ಆದರೆ ಅದರ ಸ್ಟೈರೀನ್ ವಾಸನೆ ಮನೆಯೊಳಗೆ ತಡೆಯುವಂಥದ್ದಲ್ಲ. ಯುವಿ ರೆಸಿನ್ ಯುವಿ (ಅತಿನೇರಳೆ) ದೀಪದ ಬೆಳಕಿಗೆ ನಿಮಿಷಗಳಲ್ಲೇ ಗಟ್ಟಿಯಾಗುತ್ತದೆ. ಆದರೆ ತೆಳು ಪದರಕ್ಕೆ ಮಾತ್ರ, ಕೀಚೈನ್‌ಗೆ ಸಾಕು, ಪೇಪರ್‌ವೇಟ್‌ಗೆ ಆಗದು.

ಎಪಾಕ್ಸಿಯಲ್ಲೂ ಎರಡು ಬಗೆ ಇದೆ. ಮೇಲೆ ಸವರುವ ಕೋಟಿಂಗ್ ರೆಸಿನ್ ದಪ್ಪಗಿರುತ್ತದೆ, ಬೇಗ ಗಟ್ಟಿಯಾಗುತ್ತದೆ, ಒಂದು ಸಲಕ್ಕೆ ಕೆಲವೇ ಮಿಲಿಮೀಟರ್ ಸುರಿಯಬಹುದು. ಅಚ್ಚಿಗೆ ಸುರಿಯುವ ಕಾಸ್ಟಿಂಗ್ ರೆಸಿನ್ ತೆಳ್ಳಗೆ ಹರಿಯುತ್ತದೆ, ನಿಧಾನಕ್ಕೆ ಗಟ್ಟಿಯಾಗುತ್ತದೆ. ಒಂದು ಸಲಕ್ಕೆ ಎಷ್ಟು ದಪ್ಪ ಸುರಿಯಬಹುದು ಅಂತ ಲೇಬಲ್‌ನಲ್ಲಿ ಬರೆದಿರುತ್ತದೆ. ಕೊಳ್ಳುವ ಮುಂಚೆ ಅದೊಂದನ್ನು ಓದಿದರೂ ಸಾಕು.

ಒಂದು ಅಚ್ಚಿಗೆ ಎಷ್ಟು ಬೇಕು ಅಂತ ಹೇಗೆ ಗೊತ್ತಾಗುತ್ತೆ?

ಅಚ್ಚಿಗೆ ನೀರು ತುಂಬಿ, ಆ ನೀರನ್ನು ತೂಗಿ. ಬಂದ ತೂಕವನ್ನು 1.1ರಿಂದ ಗುಣಿಸಿ. 10 ಸೆಂಟಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ದುಂಡು ಕೋಸ್ಟರ್‌ಗೆ ಸುಮಾರು 63 ಮಿಲೀ ನೀರು ಹಿಡಿಯುತ್ತದೆ, ಅಂದರೆ 70 ಗ್ರಾಂ ರೆಸಿನ್ ಬೇಕು. 7 ಸೆಂಟಿಮೀಟರ್ ಅಗಲದ ಅರ್ಧಗೋಳದ ಪೇಪರ್‌ವೇಟ್‌ಗೆ 100 ಗ್ರಾಂ ಹತ್ತಿರ. ಆಮೇಲೆ ಅಚ್ಚನ್ನು ಒರೆಸಿ, ಒಂದು ದಿನ ಒಣಗಲು ಬಿಡಿ. ಮೂಲೆಯಲ್ಲಿ ಉಳಿದ ಒಂದು ಹನಿ ನೀರು ಸಾಕು, ಆ ಜಾಗ ಬಿಳಿಚಿಕೊಳ್ಳುತ್ತದೆ.

ರೆಸಿನ್ ಎರಡು ಪಾಲು, ಹಾರ್ಡನರ್ ಒಂದು ಪಾಲು (2:1) ಅಂತ ಬರೆದಿದೆ. ತೂಕದಲ್ಲೋ, ಮಿಲೀ ಅಳತೆಯಲ್ಲೋ?

ಕಂಪನಿ ಏನು ಬರೆದಿದೆಯೋ ಅದು. ಎರಡೂ ಒಂದೇ ಅಂದುಕೊಂಡರೆ ಕೆಟ್ಟಿತು. ಸಾಮಾನ್ಯವಾಗಿ 100 ಮಿಲೀ ರೆಸಿನ್ 113 ಗ್ರಾಂ ಆಸುಪಾಸು ತೂಗುತ್ತದೆ, 50 ಮಿಲೀ ಹಾರ್ಡನರ್ 48 ಗ್ರಾಂ ಅಷ್ಟೇ. ಅಳತೆಯ 2:1 ಅಂತ ಬರೆದದ್ದನ್ನು ತಕ್ಕಡಿಯಲ್ಲಿ 100 ಗ್ರಾಂಗೆ 50 ಗ್ರಾಂ ಹಾಕಿದರೆ, ಏಳೆಂಟು ಗ್ರಾಂ ಹಾರ್ಡನರ್ ಜಾಸ್ತಿ ಬಿತ್ತು ಅಂತಲೇ ಲೆಕ್ಕ. ಬೇಗ ಗಟ್ಟಿಯಾಗಲಿ ಅಂತ ಬೇಕಂತಲೇ ಹಾರ್ಡನರ್ ಜಾಸ್ತಿ ಹಾಕುವವರೂ ಇದ್ದಾರೆ. ಸುಣ್ಣದ ಹಾಗೆ ಅಂದಾಜಿನ ಮೇಲೆ ಕಲಸುವ ಪದಾರ್ಥ ಇದಲ್ಲ. ಹೆಚ್ಚಾದ ಹಾರ್ಡನರ್‌ಗೆ ಜೊತೆಯಾಗಲು ರೆಸಿನ್ ಸಿಗದೆ ಅದು ಹಾಗೇ ಒಳಗೆ ಉಳಿಯುತ್ತದೆ, ತುಂಡು ಎಂದೆಂದಿಗೂ ಮೆತ್ತಗೇ ಇರುತ್ತದೆ.

0.1 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಕೊಳ್ಳಿ. ಚಮಚದ ಲೆಕ್ಕ ಬೇಡ.

ವರ್ಷದಲ್ಲಿ ಯಾವ ತಿಂಗಳು ಒಳ್ಳೆಯದು?

ಫೆಬ್ರವರಿಯಿಂದ ಏಪ್ರಿಲ್. ಆಮೇಲೆ ಅಕ್ಟೋಬರ್ ಕೊನೆ ಮತ್ತು ನವೆಂಬರ್, ಮಳೆ ಬಿಟ್ಟಿದ್ದರೆ. ಉಳಿದ ತಿಂಗಳಲ್ಲಿ ಒಂದೋ ತೇವದ ಕಾಟ, ಇಲ್ಲವೇ ಚಳಿಯ ಕಾಟ.

ಚಳಿಯದ್ದು ಸರಳ ಲೆಕ್ಕ. 10 ಡಿಗ್ರಿ ಕಡಿಮೆಯಾದರೆ ಗಟ್ಟಿಯಾಗುವ ಸಮಯ ಹೆಚ್ಚುಕಮ್ಮಿ ಎರಡು ಪಟ್ಟು ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರಿನ ಬೆಳಗಿನ ಜಾವ 15 ಡಿಗ್ರಿ ಆಸುಪಾಸು ಇರುತ್ತದಲ್ವಾ? ಲೇಬಲ್‌ನಲ್ಲಿ 24 ಗಂಟೆ ಅಂತಿದ್ದರೆ ನೀವು 48 ಗಂಟೆ ಅಂತ ಓದಿಕೊಳ್ಳಿ. ಗುಳ್ಳೆ ಜಾಸ್ತಿಯಾಗುವುದೂ ಆಗಲೇ. ತಣ್ಣಗಿನ ರೆಸಿನ್ ದಪ್ಪಗಿರುತ್ತದೆ, ಗಾಳಿ ಮೇಲೇಳಲು ದಾರಿಯೇ ಸಿಗುವುದಿಲ್ಲ.

ತೇವದ್ದು ಬೇರೆ ಕಥೆ. ಹಾರ್ಡನರ್‌ನಲ್ಲಿ ಅಮೈನ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಗಾಳಿಯಲ್ಲಿರುವ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿಕೊಂಡು ಮೇಲ್ಮೈಯಲ್ಲಿ ಜಿಡ್ಡಿನ ಪದರ ಕಟ್ಟುತ್ತದೆ. ಹೊಳಪು ಹೋಗುತ್ತದೆ, ಮಬ್ಬು ಮಬ್ಬಾಗಿ ಕಾಣುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಗೋಳು. ಕಡೂರು, ಅರಸೀಕೆರೆಯವರಿಗೆ ಅಷ್ಟಿಲ್ಲ, ಅವರು ಪುಣ್ಯವಂತರು.

ನನ್ನ ಸಲಹೆ ಇಷ್ಟೇ. ಬೇಸಿಗೆಯಲ್ಲಿ ಸುರಿದಿಡಿ, ಮಳೆಗಾಲದಲ್ಲಿ ಉಜ್ಜಿ ಪಾಲಿಶ್ ಮಾಡಿ. ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆಯುವ ಹೊತ್ತಿಗೆ, ದೀಪಾವಳಿ ಉಡುಗೊರೆಗೆ ಜನ ಹುಡುಕುವ ಹೊತ್ತಿಗೆ, ಮಾಲು ಕೈಯಲ್ಲಿರುತ್ತದೆ.

ಮಳೆಗಾಲದಲ್ಲೇ ಆರ್ಡರ್ ಬಂದಿದೆ. ಬಿಡಲಾಗದು. ಏನು ಮಾಡುವುದು?

ಇಡೀ ಕೋಣೆಯನ್ನು ಬೆಚ್ಚಗೆ ಮಾಡಲು ಹೋಗಬೇಡಿ, ಒಂದು ಪೆಟ್ಟಿಗೆ ಸಾಕು. ದೊಡ್ಡ ರಟ್ಟಿನ ಪೆಟ್ಟಿಗೆ ಅಥವಾ ಹಳೆ ಕಬ್ಬಿಣದ ಟ್ರಂಕು. ಒಳಗೆ 40 ವಾಟ್‌ನ ಹಳೇ ಕಾಲದ ಫಿಲಮೆಂಟ್ ಬಲ್ಬ್, ಏಕೆಂದರೆ ಎಲ್‌ಇಡಿ ಬಲ್ಬ್‌ನಿಂದ ಸಾಕಷ್ಟು ಶಾಖ ಬರುವುದಿಲ್ಲ. ಮೂಲೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ಉಷ್ಣತೆ ಮತ್ತು ತೇವ ಎರಡನ್ನೂ ತೋರಿಸುವ ಚಿಕ್ಕ ಮೀಟರ್. 25ರಿಂದ 28 ಡಿಗ್ರಿ, ತೇವ 60 ಪರ್ಸೆಂಟ್ ಒಳಗೆ ಇದ್ದರೆ ನಿಶ್ಚಿಂತೆ. ಬಲ್ಬ್ ರಟ್ಟಿಗೆ ತಾಗಬಾರದು, ಮನೆಯಲ್ಲಿ ಯಾರೂ ಇಲ್ಲದಾಗ ಹಾಕಿಟ್ಟು ಹೋಗಬಾರದು. ಗಾಳಿ ಮಳೆಗೆ ಕರೆಂಟ್ ಹೋಗುವುದು ಹೇಗೂ ಇದ್ದದ್ದೇ. ಹೋದರೆ ಪೆಟ್ಟಿಗೆಯ ಮುಚ್ಚಳ ತೆಗೆಯದೆ ಹಾಗೇ ಬಿಡಿ.

ಅಚ್ಚನ್ನೂ ಬಾಟಲಿಯನ್ನೂ ಮೊದಲೇ ಒಳಗಿಟ್ಟು ಬೆಚ್ಚಗೆ ಮಾಡಿಕೊಳ್ಳುವುದನ್ನು ಮರೆಯಬೇಡಿ. ತಣ್ಣಗಿನ ಅಚ್ಚಿಗೆ ಬೆಚ್ಚಗಿನ ರೆಸಿನ್ ಸುರಿದು ಪ್ರಯೋಜನವಿಲ್ಲ.

ಬಚ್ಚಲ ಒಲೆ ಹತ್ತಿರ ಇಟ್ಟರೆ ಬೇಗ ಆಗುತ್ತಾ?

ಇಡಬೇಡಿ. ಅಲ್ಲಿ ಶಾಖವೇನೋ ಇದೆ. ಆದರೆ ಉರಿಯುವ ಸೌದೆಯಿಂದ ಬರುವುದೇ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್, ಜಿಡ್ಡು ಪದರಕ್ಕೆ ಬೇಕಾದ ಎರಡೂ ಸಾಮಾನು. ಹಂಡೆಯ ಹಬೆ ಬೇರೆ. ಮೇಲಿಂದ ಮಸಿ ಬೀಳುವುದು ಇದ್ದೇ ಇದೆ. ಹೊಗೆಗೂಡಿಲ್ಲದ ಗ್ಯಾಸ್ ಹೀಟರ್‌ಗೂ ಇದೇ ಮಾತು.

ಮೂರು ದಿನವಾದರೂ ಅಂಟಂಟು. ಸರಿಮಾಡಬಹುದಾ?

ಅಂಟು ಎಲ್ಲಿದೆ ನೋಡಿ. ಮೊದಲು ಬೆಚ್ಚಗಿನ ನೀರು, ಒಂಚೂರು ಸೋಪು, ಪಾತ್ರೆ ತಿಕ್ಕುವ ನಾರು. ತೊಳೆದ ಮೇಲೆ ಅಂಟು ಹೋಗಿ ಕೆಳಗೆ ಗಟ್ಟಿ ಸಿಕ್ಕಿದರೆ ಅದು ತೇವದ ಪದರ. ಒಣಗಿಸಿ, ಉಜ್ಜಿ, ಬೇಕಿದ್ದರೆ ಮೇಲೊಂದು ತೆಳು ಪದರ ಸುರಿಯಿರಿ. ತೊಳೆಯದೆ ಸುರಿದರೆ ಮೇಲಿನ ಪದರ ಕಿತ್ತು ಬರುತ್ತದೆ.

ಉಗುರಿನಲ್ಲಿ ಒತ್ತಿದರೆ ಗುರುತು ಉಳಿಯುತ್ತದೆ, ತುಂಡೆಲ್ಲ ಒಂದೇ ಸಮ ಮೆತ್ತಗಿದೆ ಅಂದರೆ ಚಳಿ ಇರಬಹುದು. ಬೆಚ್ಚಗಿನ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟು ನೋಡಿ. ಆಗಲೂ ಹಾಗೇ ಇದ್ದರೆ ಅಳತೆ ತಪ್ಪಿದೆ, ಅದಕ್ಕೆ ಮದ್ದಿಲ್ಲ.

ಅಲ್ಲಲ್ಲಿ ಮಾತ್ರ ಅಂಟು ಇದ್ದರೆ ಕಲಸಿದ್ದು ಸಾಲದು. ಕಪ್ಪಿನ ಗೋಡೆ, ತಳಕ್ಕೆ ಅಂಟಿದ್ದು ಕಲೆತಿರುವುದಿಲ್ಲ. ಮೂರು ನಾಲ್ಕು ನಿಮಿಷ ಕಲಸಿ, ಬೇರೆ ಕಪ್ಪಿಗೆ ಬಗ್ಗಿಸಿ, ಮತ್ತೆ ಒಂದು ನಿಮಿಷ ಕಲಸಿ. ಮೊದಲ ಕಪ್ಪಿನ ತಳ ಕೆರೆದು ಅಚ್ಚಿಗೆ ಹಾಕುವ ಆಸೆ ಬೇಡ.

ರೆಸಿನ್ ಬಾಟಲಿ ಒಳಗೆ ಬಿಳಿ ಬಿಳಿ ಕಟ್ಟಿದೆ. ಎಸೆಯಬೇಕಾ?

ಬೇಡ. ಚಳಿಗೆ ಹಳೇ ಜೇನು ಹರಳುಗಟ್ಟಿದ ಹಾಗೆ ಅದು. ಮುಚ್ಚಳ ಬಿಗಿ ಮಾಡಿ, 50 ಡಿಗ್ರಿ ಬಿಸಿನೀರಿನಲ್ಲಿ ಬಾಟಲಿ ಇಡಿ. ಪೂರ್ತಿ ತಿಳಿಯಾದ ಮೇಲೆ ತಣಿಸಿ ಬಳಸಿ. ಹೊರಗಿನ ನೀರು ಒರೆಸಿದ ನಂತರವೇ ಮುಚ್ಚಳ ತೆಗೆಯಿರಿ.

ಗುಳ್ಳೆ ಹೋಗಿಸುವುದು ಹೇಗೆ? ಕುಕ್ಕರ್ ಉಪಯೋಗಿಸಬಹುದಾ?

ಕುಕ್ಕರ್ ಖಂಡಿತ ಬೇಡ. ದೊಡ್ಡ ಕೆಲಸಗಾರರು ಪ್ರೆಶರ್ ಪಾಟ್‌ನಲ್ಲಿ 40ರಿಂದ 60 ಪಿಎಸ್‌ಐ ಒತ್ತಡ ಕೊಟ್ಟು ಗುಳ್ಳೆಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದು ಮಾಡುತ್ತಾರೆ. ಅಡುಗೆ ಕುಕ್ಕರ್ ಇರುವುದು 15 ಪಿಎಸ್‌ಐ ಹಬೆಗೆ. ಅದಕ್ಕೆ ಕಂಪ್ರೆಸರ್ ಗಾಳಿ ತುಂಬಿದರೆ ಒಡೆದು ಪ್ರಾಣಕ್ಕೆ ಬರುತ್ತದೆ.

ಮನೆಯಲ್ಲಿ ಮಾಡಬಹುದಾದ್ದು: ರೆಸಿನ್ ಬಾಟಲಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಳ್ಳಗೆ ಮಾಡಿಕೊಳ್ಳಿ. ಕಡ್ಡಿಯನ್ನು ಮೇಲೆತ್ತದೆ ನಿಧಾನಕ್ಕೆ ತಿರುಗಿಸಿ. ಎತ್ತರದಿಂದ ದಾರದಷ್ಟು ಸಣ್ಣ ಧಾರೆಯಾಗಿ ಸುರಿಯಿರಿ. ಮೇಲೆ ಬಂದ ಗುಳ್ಳೆಗೆ ಲೈಟರ್ ಜ್ವಾಲೆಯನ್ನು ಸರ್ರನೆ ಆಡಿಸಿದರೆ ಸಾಕು, ನಿಲ್ಲಿಸಬಾರದು, ಸಿಲಿಕೋನ್ ಅಚ್ಚು ಸುಟ್ಟುಹೋಗುತ್ತದೆ. ಬಣ್ಣಕ್ಕೆ ಆಲ್ಕೋಹಾಲ್ ಇಂಕ್ ಹಾಕಿದ್ದರೆ ಬೆಂಕಿಯ ಸಹವಾಸವೇ ಬೇಡ.

ಕಾಫಿ ಬೀಜ ಹಾಕಿದರೆ ಸುತ್ತ ಗುಳ್ಳೆ ಏಳುತ್ತದೆ, ಯಾಕೆ?

ಎಲ್ಲರೂ ಮೊದಲು ಮಾಡಲು ಹೋಗುವುದು ಇದನ್ನೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹುರಿದ ಬೀಜದ ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಹುರಿದ ಮೇಲೆ ಎಷ್ಟೋ ದಿನ ಅದು ಹೊರಗೆ ಬರುತ್ತಲೇ ಇರುತ್ತದೆ. ನೆನ್ನೆ ಹುರಿದ ಬೀಜವನ್ನು ಇವತ್ತು ರೆಸಿನ್‌ಗೆ ಹಾಕಿದರೆ ಒಂದೊಂದು ಬೀಜದ ಮೈಯಿಂದಲೂ ಗುಳ್ಳೆ ಸಾಲು ಏಳುತ್ತದೆ. ಹಳೇ ಬೀಜ ತಗೊಳ್ಳಿ, ಕುಡಿಯಲು ಬಾರದಷ್ಟು ಹಳತಾಗಿದ್ದರೆ ಇನ್ನೂ ಒಳ್ಳೆಯದು. ಎಣ್ಣೆ ಹೊಳೆಯುವ ಕಪ್ಪು ಹುರಿತ ಬೇಡ, ಎಣ್ಣೆಗೆ ರೆಸಿನ್ ಹಿಡಿಯುವುದಿಲ್ಲ. ಮಧ್ಯಮ ಹುರಿತ ಇರಲಿ.

ಇನ್ನೊಂದು: ಹುರಿದ ಬೀಜ ರೆಸಿನ್‌ನಲ್ಲಿ ತೇಲುತ್ತದೆ. ಮೊದಲು ಅಚ್ಚಿನ ತಳಕ್ಕೆ 3 ಮಿಲಿಮೀಟರ್ ಸುರಿಯಿರಿ. ಅದು ಮುಟ್ಟಿದರೆ ಅಂಟುವ, ಆದರೆ ಹರಿಯದ ಹದಕ್ಕೆ ಬಂದಾಗ ಬೀಜ ಒತ್ತಿ ಕೂರಿಸಿ. ಬೀಜದ ನಡುವಿನ ಸೀಳು ಮೇಲ್ಮುಖವಾಗಿರಲಿ. ಮಗುಚಿ ಕೂರಿಸಿದರೆ ಸೀಳಿನೊಳಗಿನ ಗಾಳಿ ಸಿಕ್ಕಿಹಾಕಿಕೊಂಡು, ತುಂಡು ತಿರುಗಿಸಿ ನೋಡಿದಾಗ ಬೀಜದುದ್ದಕ್ಕೂ ಬೆಳ್ಳಿ ಗೆರೆ ಕಾಣುತ್ತದೆ. ಸೀಳಿಗೆ ಟೂತ್‌ಪಿಕ್‌ನಲ್ಲಿ ಒಂದೊಂದು ಹನಿ ರೆಸಿನ್ ಬಿಟ್ಟು, ಆಮೇಲೆ ಉಳಿದದ್ದನ್ನು ಸುರಿಯಿರಿ. ಸೀಳು ಎದುರಿಗೇ ಕಾಣಬೇಕು ಅನ್ನುವವರು ಬೀಜವನ್ನು ಮೊದಲೇ ರೆಸಿನ್‌ನಲ್ಲಿ ಹೊರಳಿಸಿ ಒಣಗಿಸಿಕೊಳ್ಳಬೇಕು.

ಹುರಿಯದ ಹಸಿರು ಬೀಜ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಒಳ ಹೊಟ್ಟು ಬಿಡಿಸದ ಬೀಜ) ಎರಡೂ ಚೆನ್ನಾಗಿ ಕೂರುತ್ತವೆ. ಗೋದಾಮಿಗೆ ಹೋಗುವಷ್ಟು ಒಣಗಿರಬೇಕು ಅಷ್ಟೇ. ಕಣದಲ್ಲಿ ಅರ್ಧ ಒಣಗಿದ್ದು ಬೇಡ.

ಕಾಫಿ ಹೂ, ಕೆಂಪು ಹಣ್ಣು?

ಹೂ ಮಳೆ, ಅಂದರೆ ಕಾಫಿ ಹೂವನ್ನು ಅರಳಿಸುವ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಬಾಡಿಯೂ ಹೋಗುತ್ತದೆ. ಅರಳಿದ ದಿನವೇ, ಇಬ್ಬನಿ ಆರಿದ ಮೇಲೆ ಕೀಳಬೇಕು. ತೋಟದವರನ್ನು ಕೇಳಿಯೇ ಕೀಳಿ, ಒಂದೊಂದು ಹೂವೂ ಅವರಿಗೆ ಒಂದೊಂದು ಹಣ್ಣು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಯೊಳಗೆ ಹೂವನ್ನು ಹುದುಗಿಸಿ ಒಂದು ವಾರ ಇಡಿ. ತೆಳ್ಳನೆ ಬಿಳಿ ಎಸಳು ರೆಸಿನ್ ಹೀರಿದರೆ ಗಾಜಿನಂತೆ ಪಾರದರ್ಶಕವಾಗಿ ಕಾಣದೇ ಹೋಗುತ್ತದೆ. ಮೊದಲೇ ತೆಳುವಾಗಿ ವಾರ್ನಿಶ್ ಸ್ಪ್ರೇ ಹೊಡೆದರೆ ಬಿಳುಪು ಸ್ವಲ್ಪ ಉಳಿಯುತ್ತದೆ.

ಹಸಿ ಹಣ್ಣು ಬೇಡವೇ ಬೇಡ. ಅದರ ತುಂಬ ನೀರು. ಒಳಗೇ ಕಪ್ಪಾಗುತ್ತದೆ, ಸುತ್ತ ಮಂಜು ಕಟ್ಟುತ್ತದೆ. ಒಣಗಿಸಿದರೆ ಕೆಂಪು ಉಳಿಯುವುದಿಲ್ಲ. ಕೆಂಪೇ ಬೇಕಿದ್ದರೆ ಮಣಿ ಬಳಸಿ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೋದಾಗ ಕುರಿಂಜಿ ಕಿತ್ತುಕೊಂಡು ಬರಬೇಡಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವನ್ನು ಪೇಪರ್‌ವೇಟ್ ಮಾಡುವುದು ಏನು ಚಂದ? ಚಿಟ್ಟೆ, ಜೀರುಂಡೆ ಹಾಕಿಕೊಡಿ ಅಂತ ಕೇಳುವವರಿಗೂ ಇಲ್ಲ ಅನ್ನಿ. ಎಷ್ಟೋ ಚಿಟ್ಟೆಗಳು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತದ್ದನ್ನು ಇಟ್ಟುಕೊಂಡರೂ ತೊಂದರೆ.

ಕಾಫಿ ಬಿಟ್ಟು ನಮ್ಮ ಕಡೆಯದು ಇನ್ನೇನು ಚೆನ್ನಾಗಿರುತ್ತೆ?

ಅಡಿಕೆ! ಕಾಫಿ ಬೀಜಕ್ಕಿಂತ ನನಗೆ ಇದೇ ಇಷ್ಟ. ಚೆನ್ನಾಗಿ ಒಣಗಿದ ಚಾಲಿ ಅಡಿಕೆಯನ್ನು (ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು) ಸಣ್ಣ ಗರಗಸದಲ್ಲಿ 3 ಮಿಲಿಮೀಟರ್ ಬಿಲ್ಲೆಯಾಗಿ ಕೊಯ್ಯಿರಿ. ಅಡಕತ್ತರಿಯಲ್ಲಿ ಒಡೆದುಹೋಗುತ್ತದೆ. ಬಿಳಿ ತಿರುಳಿನೊಳಗೆ ಅಂಚಿನಿಂದ ನಡುವಿಗೆ ಓಡುವ ಕಂದು ಗೆರೆಗಳು ಒಂದೊಂದರಲ್ಲಿ ಒಂದೊಂದು ಥರ. ರೆಸಿನ್ ಬಿದ್ದ ಕೂಡಲೇ ಆ ಕಂದು ಗಾಢವಾಗುತ್ತದೆ. ಏಳೆಂಟು ಬಿಲ್ಲೆ ಜೋಡಿಸಿದ ಕೋಸ್ಟರ್ ನೋಡಿ ಇದು ಯಾವ ಕಲ್ಲು ಅಂತ ಕೇಳಿದವರಿದ್ದಾರೆ.

ಕರಿಮೆಣಸೂ ಸುಲಭ. ಏಲಕ್ಕಿಯ ಹಸಿರು ಬೇಗ ಮಾಸುತ್ತದೆ. ಅರಸೀಕೆರೆ ಕಡೆಯವರಿಗೆ ತೆಂಗಿನ ಕರಟ ಬೇಕಾದಷ್ಟು. ನಾರೆಲ್ಲ ಹೆರೆದು, ಉಜ್ಜಿ, ಚೂರು ಮಾಡಿ ಕಪ್ಪು ರೆಸಿನ್‌ನಲ್ಲಿ ಹಾಕಿ.

ಮರ ಸೇರಿಸಬಹುದಾ?

ಒಣಗಿದ್ದರೆ ಸೇರಿಸಬಹುದು. ತೇವ 12 ಪರ್ಸೆಂಟ್ ಒಳಗಿರಬೇಕು. ಮೀಟರ್ ಇಲ್ಲದಿದ್ದರೆ ತುಂಡನ್ನು ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತಿತು ಅಂದರೆ ಸದ್ಯಕ್ಕೆ ಒಣಗಿದೆ. ಮಳೆಗಾಲದಲ್ಲಿ ಈ ಲೆಕ್ಕ ನಂಬಬೇಡಿ, ಆಗ ಮರ ಗಾಳಿಯ ತೇವವನ್ನೇ ಕುಡಿದಿರುತ್ತದೆ. ಸುರಿಯುವ ಮೊದಲು ಮರದ ಮೈಗೆಲ್ಲ ಬ್ರಷ್‌ನಲ್ಲಿ ತೆಳುವಾಗಿ ರೆಸಿನ್ ಹಚ್ಚಿ. ರಂಧ್ರ ಮುಚ್ಚದಿದ್ದರೆ ರಾತ್ರಿಯಿಡೀ ಗುಳ್ಳೆ.

ಸಿಲ್ವರ್ ಓಕ್ ತುಂಡು ಸುಲಭಕ್ಕೆ ಸಿಗುತ್ತದೆ. ಹಳೇ ಅರೇಬಿಕಾ ಗಿಡದ ಕಾಂಡ ಇನ್ನೂ ಚಂದ. ಕಾಂಡಕೊರಕ ಹುಳ ಕೊರೆದ ಸುರಂಗಗಳಿಗೆ ಬಣ್ಣದ ರೆಸಿನ್ ತುಂಬಿದರೆ ನಕ್ಷೆ ಬಿಡಿಸಿದಂತೆ ಕಾಣುತ್ತದೆ. ಆದರೆ ಹುಳ ಬಿದ್ದ ಗಿಡವನ್ನು ಕಿತ್ತು ಸುಡಬೇಕು ಅನ್ನುವುದು ಸುಮ್ನೆ ಹೇಳಿದ ಮಾತಲ್ಲ. ಆ ಕಾಂಡವನ್ನು ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಸಾಗಿಸಬೇಡಿ. ವರ್ಷಗಟ್ಟಲೆ ಒಣಗಿ, ಹುಳವೆಲ್ಲ ಹಾರಿಹೋದ ಹಳೇ ತುಂಡು ಮಾತ್ರ ಬಳಸಿ. ಬೀಟೆಯ ತಂಟೆಗೆ ಹೋಗಬೇಡಿ, ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ನಿಯಮಗಳಿವೆ.

ಕನ್ನಡದಲ್ಲಿ ಹೆಸರಿನ ಫಲಕ ಮಾಡಬೇಕು. ಅಚ್ಚು ಸಿಗುತ್ತಾ?

ರೆಡಿಮೇಡ್ ಅಚ್ಚೆಲ್ಲ ಬಹುತೇಕ ಇಂಗ್ಲಿಷ್ ಅಕ್ಷರದವು. ಕನ್ನಡಕ್ಕೆ ಎರಡು ದಾರಿ. ಬೋರ್ಡ್ ಅಂಗಡಿಯಲ್ಲಿ ವಿನೈಲ್ ಸ್ಟಿಕ್ಕರ್ ಅಥವಾ ಅಕ್ರಿಲಿಕ್ ಅಕ್ಷರ ಕತ್ತರಿಸಿಕೊಂಡು ರೆಸಿನ್ ಒಳಗೆ ಕೂರಿಸುವುದು ಒಂದು. ಆ ಅಕ್ಷರ ಇಟ್ಟು ಸಿಲಿಕೋನ್ ರಬ್ಬರ್ ಸುರಿದು ನಿಮ್ಮದೇ ಅಚ್ಚು ಮಾಡಿಕೊಳ್ಳುವುದು ಇನ್ನೊಂದು. ಒತ್ತಕ್ಷರ, ದೀರ್ಘ ಬಿಡಿ ಬಿಡಿಯಾಗಿ ಬರುತ್ತವೆ. ರೆಸಿನ್ ಸುರಿದಾಗ "ಪ್ರಸನ್ನ"ದ ನಾವತ್ತು ಜಾರಿ ಪಕ್ಕದಲ್ಲಿ ಹೋಗಿ ಕೂತಿರುತ್ತದೆ. ಎಲ್ಲವನ್ನೂ ಮೊದಲೇ ಒಂದೊಂದು ಹನಿ ರೆಸಿನ್‌ನಿಂದ ಅಂಟಿಸಿಕೊಳ್ಳಿ. ಅಚ್ಚಿನ ತಳವೇ ಫಲಕದ ಮುಖ, ಹಾಗಾಗಿ ಅಕ್ಷರವನ್ನು ಬೋರಲಾಗಿ, ಬಲದಿಂದ ಎಡಕ್ಕೆ ಜೋಡಿಸಬೇಕು.

ಫೋಟೊ ಹಾಕುವುದಾದರೆ ಲೇಸರ್ ಪ್ರಿಂಟ್ ತೆಗೆಸಿ, ಎರಡೂ ಬದಿಗೆ ಫೆವಿಕಾಲ್ ತೆಳುವಾಗಿ ಬಳಿದು ಒಣಗಿಸಿ. ಇಲ್ಲದಿದ್ದರೆ ಕಾಗದ ರೆಸಿನ್ ಕುಡಿದು ಎಣ್ಣೆ ಕಾಗದವಾಗುತ್ತದೆ.

ಬಿಸಿ ಕಾಫಿ ಲೋಟ ಇಟ್ಟರೆ ಕೋಸ್ಟರ್ ಮೇಲೆ ಉಂಗುರದ ಗುರುತು?

ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಗೇ ಮೆತ್ತಗಾಗುತ್ತದೆ. ಸ್ಟೀಲ್ ಲೋಟದ ಫಿಲ್ಟರ್ ಕಾಫಿ ಅದಕ್ಕಿಂತ ಜಾಸ್ತಿ ಬಿಸಿ. ಶಾಖ ತಡೆಯುವ ರೆಸಿನ್ ಬೇರೆಯೇ ಸಿಗುತ್ತದೆ. ಇಲ್ಲವೇ ಕೋಸ್ಟರ್ ನಡುವೆ ಕಾರ್ಕ್ ಬಿಲ್ಲೆ ಅಂಟಿಸಿ. ಮಾರುವವರು ಇದನ್ನು ಗಿರಾಕಿಗೆ ಮೊದಲೇ ಹೇಳುವುದು ಮರ್ಯಾದೆ. ಊಟದ ತಟ್ಟೆ, ಕುಡಿಯುವ ಬಟ್ಟಲು ಮಾತ್ರ ಇದರಲ್ಲಿ ಮಾಡಬೇಡಿ.

ಹಳದಿಯಾಗುವುದನ್ನು ತಡೆಯಬಹುದಾ?

ಪೂರ್ತಿ ಆಗದು, ನಿಧಾನ ಮಾಡಬಹುದು. ಯುವಿ ತಡೆ ಇರುವ ರೆಸಿನ್ ಕೊಳ್ಳಿ, ಕಿಟಕಿ ಬಿಸಿಲಿಗೆ ಇಡಬೇಡಿ.

ವಾಸನೆಯೇ ಇಲ್ಲವಲ್ಲ, ಗ್ಲೌಸ್ ಯಾಕೆ?

ವಾಸನೆ ಇಲ್ಲದ್ದು ಅಪಾಯವಿಲ್ಲದ್ದು ಅಂತಲ್ಲ. ಎಪಾಕ್ಸಿ ಚರ್ಮಕ್ಕೆ ತಾಗುತ್ತಾ ತಾಗುತ್ತಾ ಒಂದು ದಿನ ಅಲರ್ಜಿ ಶುರುವಾಗಬಹುದು. ಶುರುವಾದ ಮೇಲೆ ಅದು ಜನ್ಮಕ್ಕಂಟಿಕೊಂಡ ಹಾಗೆ, ಸ್ವಲ್ಪ ತಾಗಿದರೂ ತುರಿಕೆ, ದದ್ದು. ನೈಟ್ರೈಲ್ ಗ್ಲೌಸ್ ಹಾಕಿ. ಕೈಗೆ ತಾಗಿದರೆ ಸೋಪು ನೀರಲ್ಲಿ ತೊಳೆಯಿರಿ, ಥಿನ್ನರ್, ಅಸಿಟೋನ್ ಹಚ್ಚಿ ತಿಕ್ಕಬೇಡಿ. ಕಿಟಕಿ ತೆರೆದಿರಲಿ. ಅಡುಗೆಮನೆಯಲ್ಲಿ ಮಾಡಬೇಡಿ, ಅಲ್ಲಿನ ಪಾತ್ರೆ, ಚಮಚವನ್ನೂ ತರಬೇಡಿ. ಮಕ್ಕಳು, ಗರ್ಭಿಣಿಯರು, ಅಸ್ತಮಾ ಇರುವವರು ದೂರವಿರಲಿ.

ಉಜ್ಜುವಾಗ ನೀರು ಹಾಕಿ ಉಜ್ಜಿ, ಧೂಳು ಏಳುವುದಿಲ್ಲ. 220ರ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಶುರುಮಾಡಿ 400, 800, 1500, 2000ದವರೆಗೆ. ಕೊನೆಗೆ ಕಾರ್ ಪಾಲಿಶ್. ನೀರಿಲ್ಲದೆ ಉಜ್ಜಲೇಬೇಕಾದರೆ ಎನ್‌95 ಮಾಸ್ಕ್ ಇರಲೇಬೇಕು.

ಬೆಲೆ ಎಷ್ಟು ಇಡಬೇಕು?

ಕಿಲೋ ರೆಸಿನ್ ಸಾವಿರ ರೂಪಾಯಿ ಅಂತಿಟ್ಟುಕೊಳ್ಳಿ, ಗ್ರಾಂಗೆ ಒಂದು ರೂಪಾಯಿ. 70 ಗ್ರಾಂ ಕೋಸ್ಟರ್, ಕಪ್ಪಿಗೆ ಅಂಟಿ ಹೋದದ್ದು ಸೇರಿ 77. ಅಚ್ಚು ಹರಿದುಹೋಗುವ ಖರ್ಚು, ಗ್ಲೌಸ್, ಪಾಲಿಶ್, ಕೆಟ್ಟುಹೋಗುವ ತುಂಡುಗಳದ್ದೂ ಸೇರಿಸಿ. ಇಷ್ಟರಲ್ಲಿ ನಿಮ್ಮ ಕೂಲಿ ಇನ್ನೂ ಬಂದಿಲ್ಲ. ಉಜ್ಜಲು ಹಿಡಿಯುವ ಹೊತ್ತನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಅದಕ್ಕೇ ಎಲ್ಲರೂ ಕಡಿಮೆಗೆ ಮಾರುತ್ತಾರೆ.

ಕಲಸಿದ್ದು ಉಳಿದರೆ ಏನು ಮಾಡಲಿ?

ಕಪ್ಪಿನ ತುಂಬ ಇದ್ದರೆ ಹಾಗೇ ಬಿಡಬೇಡಿ. ಗಟ್ಟಿಯಾಗುವಾಗ ರೆಸಿನ್ ತಾನೇ ಬಿಸಿಯಾಗುತ್ತದೆ, ಒಟ್ಟಿಗೆ ಜಾಸ್ತಿ ಇದ್ದಷ್ಟೂ ಬಿಸಿ ಜಾಸ್ತಿ. ಕಪ್ಪು ಕರಗಿ ಹೊಗೆ ಬರುವುದೂ ಉಂಟು. ಅಗಲವಾದ ಹಳೇ ತಟ್ಟೆಗೆ ತೆಳ್ಳಗೆ ಹರಡಿ, ಅಥವಾ ಕೀಚೈನ್ ಅಚ್ಚು ಪಕ್ಕದಲ್ಲೇ ಇಟ್ಟುಕೊಂಡು ಅದಕ್ಕೆ ಸುರಿಯಿರಿ. ಹೊಗೆ ಶುರುವಾಗಿಬಿಟ್ಟಿದ್ದರೆ ದಪ್ಪ ಬಟ್ಟೆಯಲ್ಲಿ ಹಿಡಿದು ಹೊರಗೆ ಸಿಮೆಂಟ್ ನೆಲದ ಮೇಲಿಟ್ಟು ದೂರ ನಿಲ್ಲಿ.

ಸಿಂಕಿಗೆ, ಚರಂಡಿಗೆ, ತೋಟದ ಕೆರೆಗೆ ಸುರಿಯಬೇಡಿ. ಪೂರ್ತಿ ಗಟ್ಟಿಯಾದ ಮೇಲೆ ಒಣ ಕಸದ ಗಾಡಿಗೆ ಹಾಕಿ. ಒಲೆಗೆ ಮಾತ್ರ ಹಾಕಬೇಡಿ, ಅದರ ಹೊಗೆ ಒಳ್ಳೆಯದಲ್ಲ.